ಜಾಂಬಿಯಾ ಯಾವಾಗಲೂ ಕೊನೆಗೇ ಏಕೆ?

1964ರ ಅಕ್ಟೋಬರ್ 10, ಟೋಕಿಯೊ ಒಲಿಂಪಿಕ್ಸ್‌ನ ಉದ್ಘಾಟನೆಯ ದಿನ. ಆಫ್ರಿಕಾದಿಂದ ಬಂದಿದ್ದ ಒಂದು ಪುಟ್ಟ ತಂಡ ‘ಉತ್ತರ ರೊಡೇಶಿಯಾ’ ಎಂಬ ಫಲಕದ ಹಿಂದೆ ಕ್ರೀಡಾಂಗಣಕ್ಕೆ ಕಾಲಿಟ್ಟಿತು. ಬ್ರಿಟಿಷರ ಆಳ್ವಿಕೆಯಲ್ಲಿದ್ದ ನಾಡು ಅದು. ಎರಡು ವಾರಗಳ ನಂತರ, ಅಕ್ಟೋಬರ್ 24ರಂದು ಕೂಟದ ಸಮಾರೋಪ. ಅದೇ ದಿನ ಆ ನಾಡು ಸ್ವತಂತ್ರವಾಯಿತು. ಅದೇ ಆಟಗಾರರು ಸಮಾರೋಪದಲ್ಲಿ ‘ಜಾಂಬಿಯಾ’ ಎಂಬ ಹೊಸ ಹೆಸರಿನಲ್ಲಿ ನಡೆದರು. ಒಂದು ಹೆಸರಿನಲ್ಲಿ ಬಂದವರು ಇನ್ನೊಂದು ಹೆಸರಿನಲ್ಲಿ ಮನೆಗೆ ಹೋದರು.

ಸ್ವಾತಂತ್ರ್ಯದ ಜತೆಗೆ ಇನ್ನೊಂದು ಸಣ್ಣ ಬದಲಾವಣೆಯೂ ಆಯಿತು. ಅದನ್ನು ಆಗ ಯಾರೂ ಗಮನಿಸಿರಲಿಕ್ಕಿಲ್ಲ. ಇಂಗ್ಲಿಷಿನ ‘ಎನ್’ ಅಕ್ಷರದಲ್ಲಿದ್ದ ದೇಶ ‘ಝಡ್’ ಅಕ್ಷರಕ್ಕೆ ಹೋಯಿತು. ಅಂದಿನಿಂದ ಇಂಗ್ಲಿಷ್ ಲೆಕ್ಕದಲ್ಲಿ ದೇಶಗಳ ಹೆಸರು ಕರೆದಾಗಲೆಲ್ಲ ಜಾಂಬಿಯಾದ ಜಾಗ ಸಾಲಿನ ತುದಿಯಲ್ಲಿ. ಅದರ ಹಿಂದೆ ನಿಲ್ಲುವುದು ಜಿಂಬಾಬ್ವೆ ಒಂದೇ.

ಉದ್ಘಾಟನಾ ಸಮಾರಂಭ ಎಂದರೆ ನಮಗೆ ನೆನಪಾಗುವುದು ಬಾಣಬಿರುಸು, ಸಾವಿರಾರು ಜನರ ಕುಣಿತ, ಜ್ಯೋತಿ ಹೊತ್ತಿಸುವ ಗಳಿಗೆ. ಮರುದಿನ ಪತ್ರಿಕೆಯ ಮುಖಪುಟದಲ್ಲಿ ಬರುವುದೂ ಅದೇ ಚಿತ್ರ. ಆದರೆ ಸಮಾರಂಭದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ದೇಶಗಳ ಪಥಸಂಚಲನ. ಇನ್ನೂರು ಚಿಲ್ಲರೆ ತಂಡಗಳು ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ಟಿವಿ ಮುಂದೆ ಕೂತವರು ಚಹಾ ಮಾಡಿಕೊಳ್ಳಲು ಏಳುವುದು ಆ ಹೊತ್ತಿನಲ್ಲೇ. ಭಾರತ ಬಂದಾಗ ಒಮ್ಮೆ ಓಡಿ ಬಂದು ನೋಡಿದರೆ ಆಯಿತು.

ನನಗೆ ಇಡೀ ಸಮಾರಂಭದಲ್ಲಿ ಇಷ್ಟವಾಗುವ ಭಾಗ ಅದೇ. ಕಾರಣ ನನ್ನ ಕೆಲಸ. ನಾನು ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಎಂ.ಟೆಕ್‌ನಲ್ಲಿ ಓದಿದ್ದೂ ಈಗ ದಿನಾ ಮಾಡುವುದೂ ಮಾಹಿತಿಯನ್ನು ಜೋಡಿಸಿ, ಹುಡುಕಿ, ಕೊಡುವ ಕೆಲಸ. ಹೊಸದಾಗಿ ಸೇರಿದ ಹುಡುಗರಿಗೆ ನಾನು ಮೊದಲು ಹೇಳುವ ಮಾತು ಒಂದಿದೆ: ಕಂಪ್ಯೂಟರಿಗೆ ‘ಈ ಪಟ್ಟಿಯನ್ನು ಜೋಡಿಸು’ ಎಂದರೆ ಸಾಲದು, ‘ಯಾವ ಲೆಕ್ಕದಲ್ಲಿ’ ಎಂದೂ ಹೇಳಬೇಕು. ಯಾರು ಮೊದಲು, ಯಾರು ಕೊನೆ ಎಂಬುದನ್ನು ತೀರ್ಮಾನಿಸುವುದು ಆ ಲೆಕ್ಕವೇ.

ಪಥಸಂಚಲನದ ಲೆಕ್ಕ ಹೀಗಿದೆ. ಒಲಿಂಪಿಕ್ಸ್ ಹುಟ್ಟಿದ ನೆಲವೆಂಬ ಗೌರವಕ್ಕೆ ಗ್ರೀಸ್ ಮೊದಲು, ಆತಿಥೇಯ ದೇಶ ಕೊನೆ. ಈ ಪದ್ಧತಿ 1928ರ ಆಮ್‌ಸ್ಟರ್‌ಡಾಂ ಕೂಟದಿಂದ ನಡೆದುಬಂದಿದೆ. ಉಳಿದ ದೇಶಗಳೆಲ್ಲ ಸಾಮಾನ್ಯವಾಗಿ ಆತಿಥೇಯರ ಭಾಷೆಯ ಅಕ್ಷರ ಕ್ರಮದಲ್ಲಿ ಬರುತ್ತವೆ. ಮನೆ ಯಾರದೋ ಲೆಕ್ಕವೂ ಅವರದೇ. ಊಟದ ಪಂಕ್ತಿಯಲ್ಲಿ ಯಾರನ್ನು ಎಲ್ಲಿ ಕೂರಿಸಬೇಕೆಂದು ಮನೆಯ ಯಜಮಾನರು ನಿರ್ಧರಿಸುವ ಹಾಗೆ.

ಒಂದೇ ದೇಶ, ಹಲವು ಸ್ಥಾನ

ನನ್ನೂರು ಯಾದಗಿರಿ. ಇಂಗ್ಲಿಷ್‌ನಲ್ಲಿ ‘ವೈ’. ಕರ್ನಾಟಕದ 31 ಜಿಲ್ಲೆಗಳನ್ನು ಇಂಗ್ಲಿಷ್ ಅಕ್ಷರ ಕ್ರಮದಲ್ಲಿ ಬರೆದರೆ ಬಾಗಲಕೋಟೆ ಮೊದಲು, ನಾವು ಕಟ್ಟಕಡೆಗೆ. ಆನ್‌ಲೈನ್ ಅರ್ಜಿ ತುಂಬುವಾಗ ಜಿಲ್ಲೆ ಆರಿಸಲು ಪಟ್ಟಿಯನ್ನು ತಳದವರೆಗೆ ಎಳೆಯುವುದು ನಮ್ಮ ಕಡೆಯವರಿಗೆ ಕೈಗೆ ಕೂತ ಅಭ್ಯಾಸ. ಅದೇ ಪಟ್ಟಿಯನ್ನು ಕನ್ನಡದಲ್ಲಿ ಜೋಡಿಸಿ ನೋಡಿ. ಉಡುಪಿ ಮೊದಲು ಬರುತ್ತದೆ, ಹಾಸನ ಕೊನೆಗೆ. ಯಾದಗಿರಿಯ ಹಿಂದೆ ರಾಯಚೂರು, ವಿಜಯನಗರ, ವಿಜಯಪುರ, ಶಿವಮೊಗ್ಗ, ಹಾವೇರಿ ಎಲ್ಲ ಇರುತ್ತವೆ. ಊರು ಅದೇ, ಬದಲಾದದ್ದು ಲೆಕ್ಕ ಮಾತ್ರ.

ಜಾಂಬಿಯಾದ ಕಥೆಯೂ ಹೀಗೆಯೇ. 2004ರ ಅಥೆನ್ಸ್ ಕೂಟ ನೋಡಿ. ಗ್ರೀಕ್ ಅಕ್ಷರಮಾಲೆಯಲ್ಲಿ ‘ಝೀಟಾ’ ಆರನೆಯ ಅಕ್ಷರ. ಹಾಗಾಗಿ ಲಂಡನ್ನಿನಲ್ಲಿ ತುದಿಗೆ ನಿಲ್ಲುವ ಜಾಂಬಿಯಾ ಅಥೆನ್ಸ್‌ನಲ್ಲಿ ಮುಂದಿನ ಸಾಲಿಗೆ ಬಂತು. ಆ ಕೂಟದಲ್ಲಿ ಗ್ರೀಸ್ ತಾನೇ ಆತಿಥೇಯ. ಆದ್ದರಿಂದ ಅದರ ಧ್ವಜ ಮೊದಲು ಬಂತು, ತಂಡ ಕೊನೆಗೆ ನಡೆಯಿತು. ಧ್ವಜದ ಬೆನ್ನಿಗೇ ಬಂದ ಮೊದಲ ತಂಡ ಕೆರಿಬಿಯನ್ ಕಡಲಿನ ಪುಟ್ಟ ದ್ವೀಪ ಸೇಂಟ್ ಲೂಸಿಯಾ. ಗ್ರೀಕ್‌ನಲ್ಲಿ ‘ಸೇಂಟ್’ ಎಂಬುದಕ್ಕೆ ‘ಆಯಿಯಾ’ ಎನ್ನುತ್ತಾರೆ. ಆ ಒಂದು ‘ಆ’ ಆ ದ್ವೀಪವನ್ನು ಜಗತ್ತಿನ ಮುಂದೆ ತಂದು ನಿಲ್ಲಿಸಿತು.

ನಾಲ್ಕು ವರ್ಷ ಬಿಟ್ಟು 2008ರ ಆಗಸ್ಟ್ 8ರಂದು ಬೀಜಿಂಗ್. ಚೀನೀ ಬರಹದಲ್ಲಿ ನಮ್ಮ ಹಾಗೆ ಅಕ್ಷರಮಾಲೆ ಇಲ್ಲ. ಅಲ್ಲಿ ಲೆಕ್ಕ ಹಿಡಿದದ್ದು ದೇಶದ ಹೆಸರಿನ ಮೊದಲ ಚಿಹ್ನೆ ಬರೆಯಲು ಎಷ್ಟು ಗೆರೆ ಬೇಕು ಎಂಬುದನ್ನು. ಗಿನಿ ದೇಶದ ಮೊದಲ ಚಿಹ್ನೆಗೆ ಎರಡೇ ಗೆರೆ ಸಾಕು. ಗ್ರೀಸ್ ಆದ ಕೂಡಲೇ ಗಿನಿ ಬಂತು. ಭಾರತದ ಮೊದಲ ಚಿಹ್ನೆಗೆ ಐದು ಗೆರೆ. ಇಂಗ್ಲಿಷ್‌ನಲ್ಲಿ ಯಾವಾಗಲೂ ಮುಂದೆ ನಿಲ್ಲುವ ಆಸ್ಟ್ರೇಲಿಯಾದ ಚಿಹ್ನೆಗೆ ಹದಿನೈದು. ಅದು 204 ತಂಡಗಳಲ್ಲಿ ಕೊನೆಯಿಂದ ಮೂರನೆಯದಾಯಿತು. ಅದರ ಹಿಂದೆ ಹದಿನಾರು ಗೆರೆಗಳ ಜಾಂಬಿಯಾ, ಅದರ ಹಿಂದೆ ಆತಿಥೇಯ ಚೀನಾ. ಲಿಪಿ ಬದಲಾಯಿತು, ಲೆಕ್ಕ ಬದಲಾಯಿತು. ಪಾಪ, ಜಾಂಬಿಯಾ ಮತ್ತೆ ಕೊನೆಗೇ ಬಿತ್ತು.

ಇದೆಲ್ಲ ಬರೀ ಆಟ ಅಂದುಕೊಳ್ಳಬೇಡಿ. ತೈವಾನಿನ ಆಟಗಾರರು ಒಲಿಂಪಿಕ್ಸ್‌ನಲ್ಲಿ ‘ಚೈನೀಸ್ ತೈಪೆ’ ಎಂಬ ಹೆಸರಿನಲ್ಲಿ ನಡೆಯಬೇಕು. ಬೀಜಿಂಗ್‌ನಲ್ಲಿ ಆ ತಂಡ ಹಾಂಕಾಂಗ್ ತಂಡದ ಹತ್ತಿರವೇ ಬರಬೇಕಿತ್ತು, ಎರಡರ ಮೊದಲ ಚಿಹ್ನೆಯೂ ಒಂದೇ. ಅವೆರಡರ ನಡುವೆ ಮಧ್ಯ ಆಫ್ರಿಕಾ ಗಣರಾಜ್ಯ ನಡೆಯಿತು, ಅದರ ಚೀನೀ ಹೆಸರೂ ಅದೇ ಚಿಹ್ನೆಯಿಂದ ಶುರುವಾಗುತ್ತದೆ. 2021ರಲ್ಲಿ ಟೋಕಿಯೊದವರು ಅದೇ ತಂಡವನ್ನು ‘ಚ’ ಅಕ್ಷರದಲ್ಲಿ ಕರೆಯದೆ ‘ತ’ ಅಕ್ಷರದಲ್ಲಿ ಕರೆದರು. ತೈವಾನಿನಲ್ಲಿ ಅದು ದೊಡ್ಡ ಸುದ್ದಿಯಾಯಿತು. ಪಟ್ಟಿಯಲ್ಲಿ ಯಾರ ಪಕ್ಕ ಯಾರು ನಿಲ್ಲುತ್ತಾರೆ ಎಂಬುದಕ್ಕೆ ಅಷ್ಟು ತೂಕವಿದೆ.

‘ಇದು ನಮ್ಮದೇ ಅದಲ್ಲೋ!’

ಕೋವಿಡ್‌ನಿಂದ ಒಂದು ವರ್ಷ ಮುಂದೆ ಹೋಗಿದ್ದ ಟೋಕಿಯೊ ಒಲಿಂಪಿಕ್ಸ್ 2021ರ ಜುಲೈ 23ರಂದು ಶುರುವಾಯಿತು. ಕೂಟದ ಹೆಸರು ಮಾತ್ರ ‘ಟೋಕಿಯೊ 2020’ ಎಂದೇ ಉಳಿಯಿತು. ಪ್ರೇಕ್ಷಕರಿಲ್ಲದ ಖಾಲಿ ಕ್ರೀಡಾಂಗಣ. ತಂಡಗಳ ಹೆಸರಿನ ಫಲಕಗಳು ಜಪಾನಿ ಕಾಮಿಕ್ಸ್‌ನ ಮಾತಿನ ಗುಳ್ಳೆಗಳ ಆಕಾರದಲ್ಲಿದ್ದವು. ಹಿನ್ನೆಲೆಯಲ್ಲಿ ಜಪಾನಿ ವಿಡಿಯೊ ಗೇಮ್‌ಗಳ ಸಂಗೀತ. ಆ ದಿನಗಳಲ್ಲಿ ನಾನೂ ನಿಮ್ಮಲ್ಲಿ ಎಷ್ಟೋ ಜನರ ಹಾಗೆ ಲ್ಯಾಪ್‌ಟಾಪ್ ಹಿಡಿದು ಊರು ಸೇರಿದ್ದೆ. ಯಾದಗಿರಿಯ ಮನೆಯಲ್ಲಿ ಅಪ್ಪನ ಜತೆ ಕೂತು ಟಿವಿ ನೋಡುತ್ತಿದ್ದೆ. ಅಪ್ಪ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರರಾಗಿದ್ದವರು. ಸೇವೆಯ ಹೆಚ್ಚಿನ ಭಾಗ ಒಂದನೇ ಇಯತ್ತೆಯ ಮಕ್ಕಳಿಗೆ ಅಕ್ಷರ ತಿದ್ದಿಸುವುದರಲ್ಲೇ ಕಳೆದವರು.

ಗ್ರೀಸ್ ಬಂತು. ನಂತರ ನಿರಾಶ್ರಿತರ ತಂಡ. ಆಮೇಲೆ ಐಸ್‌ಲ್ಯಾಂಡ್, ಐರ್ಲೆಂಡ್, ಅಜರ್‌ಬೈಜಾನ್, ಅಫ್ಘಾನಿಸ್ತಾನ. ನೋಡನೋಡುತ್ತಿದ್ದಂತೆ 21ನೆಯ ತಂಡವಾಗಿ ಭಾರತ ಬಂದೇಬಿಟ್ಟಿತು. ಮೇರಿ ಕೋಮ್ ಮತ್ತು ಮನ್‌ಪ್ರೀತ್ ಸಿಂಗ್ ಕೈಯಲ್ಲಿ ತ್ರಿವರ್ಣ ಧ್ವಜ.

“ಏ ತಮ್ಮಾ, ಇಂಡಿಯಾ ಇಷ್ಟು ಲಗೂ ಬಂತಲ್ಲೋ? ಇನ್ನಾ ಮೂವತ್ತ ದೇಶ ಸೈತ ಆಗಿಲ್ಲ,” ಅಂದರು ಅಪ್ಪ.

“ಜಪಾನಿ ಅಕ್ಷರದ ಲೆಕ್ಕದಾಗ ಕರಿಲಾಕತ್ತಾರಪ್ಪಾ.”

“ಅವರ ಅಕ್ಷರ ಹೆಂಗ ಬರ್ತಾವ?”

“ಅ, ಇ, ಉ, ಎ, ಒ. ಆಮ್ಯಾಲ ಕ, ಸ, ತ, ನ, ಹ, ಮ, ಯ, ರ, ವ.”

ಅಪ್ಪ ಬೆರಳು ಮಡಚುತ್ತ ಬಾಯಲ್ಲೇ ಎರಡು ಸಲ ಹೇಳಿಕೊಂಡರು. ಆಮೇಲೆ ನಕ್ಕರು. “ಇದು ನಮ್ಮದೇ ಅದಲ್ಲೋ! ನಡುನಡುವ ಒಂದಿಷ್ಟು ಬಿಟ್ಟಾರ, ಅಷ್ಟ!”

ಅಪ್ಪ ಹೇಳಿದ್ದು ನೂರಕ್ಕೆ ನೂರು ಸರಿ. ಬಿಟ್ಟ ಜಾಗಗಳಿಗೂ ಕಾರಣವಿದೆ. ಜಪಾನಿಯಲ್ಲಿ ನಮ್ಮ ಹಾಗೆ ಮಹಾಪ್ರಾಣಗಳಿಲ್ಲ. ಗ, ಜ, ದ ಮುಂತಾದವನ್ನು ಕ, ಸ, ತ ಅಕ್ಷರಗಳಿಗೇ ಸಣ್ಣ ಗುರುತು ಸೇರಿಸಿ ಬರೆಯುತ್ತಾರೆ. ಟ-ವರ್ಗ ಇಲ್ಲವೇ ಇಲ್ಲ. ಹಾಗಾದರೆ ‘ಕ’ ಆದ ಮೇಲೆ ‘ಸ’ ಏಕೆ? ಹಳೆಯ ಜಪಾನಿಯಲ್ಲಿ ಆ ಅಕ್ಷರದ ಉಚ್ಚಾರ ‘ಚ’ಕ್ಕೆ ಹತ್ತಿರವಿತ್ತು ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಅದು ನಿಂತಿರುವುದು ನಮ್ಮ ಚ-ವರ್ಗದ ಜಾಗದಲ್ಲಿ. ಇಂದಿನ ‘ಹ’ ಹಿಂದೆ ‘ಪ’ ಆಗಿತ್ತು. ‘ಪ’ಕ್ಕೆ ‘ಹ’ ಆಗುವುದು ನಮಗೇನು ಹೊಸದೇ? ಹಳಗನ್ನಡದ ‘ಪಾಲು’ ಹೊಸಗನ್ನಡದಲ್ಲಿ ‘ಹಾಲು’ ಆದ ಹಾಗೆಯೇ ಅದೂ. ಈಗ ಮತ್ತೊಮ್ಮೆ ಹೇಳಿ ನೋಡಿ: ಕ, ಚ, ತ, ನ, ಪ, ಮ, ಯ, ರ, ವ. ನಮ್ಮ ಒಂದನೇ ತರಗತಿಯ ಗೋಡೆಯ ಮೇಲಿನ ಪಟವೇ ಸರಿ.

ಈ ಕ್ರಮ ಅಲ್ಲಿಗೆ ಹೋದದ್ದು ಬೌದ್ಧ ಧರ್ಮದ ಜತೆ. ಸಂಸ್ಕೃತ ಮಂತ್ರಗಳನ್ನು ಸರಿಯಾಗಿ ಉಚ್ಚರಿಸಬೇಕೆಂದು ಜಪಾನಿನ ಭಿಕ್ಷುಗಳು ಸಿದ್ಧಂ ಲಿಪಿಯನ್ನು ಕಲಿತರು. ಅದು ಬ್ರಾಹ್ಮಿಯ ವಂಶದ ಲಿಪಿ, ನಮ್ಮ ಕನ್ನಡಕ್ಕೆ ದೂರದ ದಾಯಾದಿ. 752ರಲ್ಲಿ ನಾರಾ ನಗರದ ಮಹಾಬುದ್ಧನ ವಿಗ್ರಹಕ್ಕೆ ಕಣ್ಣು ತೆರೆಸುವ ವಿಧಿ ನಡೆಸಿದ್ದು ಭಾರತದಿಂದ ಹೋದ ಬೋಧಿಸೇನ ಎಂಬ ಭಿಕ್ಷು. 806ರಲ್ಲಿ ಚೀನಾದಿಂದ ಮರಳಿದ ಕೂಕಾಯ್ ಎಂಬ ಜಪಾನಿ ಗುರು ಸಿದ್ಧಂ ವಿದ್ಯೆಯನ್ನು ಜತೆಗೆ ತಂದರು. ಧ್ವನಿ ಹುಟ್ಟುವ ಜಾಗವನ್ನು ಹಿಡಿದು ಅಕ್ಷರ ಜೋಡಿಸುವ ನಮ್ಮ ಕ್ರಮ ಹೀಗೆ ಅಲ್ಲಿ ಬೇರೂರಿತು. ಜಪಾನಿ ಅಕ್ಷರಗಳನ್ನು ಈ ರೀತಿ ಜೋಡಿಸಿದ ಕೋಷ್ಟಕಗಳಿಗೆ ಸುಮಾರು ಸಾವಿರ ವರ್ಷದ ಇತಿಹಾಸವಿದೆ.

ಇದಕ್ಕಿಂತ ಮುಂಚೆಯೂ ಜಪಾನ್ ಒಲಿಂಪಿಕ್ಸ್ ನಡೆಸಿತ್ತು. 1964ರ ಟೋಕಿಯೊದಲ್ಲೂ 1998ರ ನಾಗಾನೊ ಚಳಿಗಾಲದ ಕೂಟದಲ್ಲೂ ದೇಶಗಳು ಬಂದದ್ದು ಇಂಗ್ಲಿಷ್ ಕ್ರಮದಲ್ಲಿ. ತಮ್ಮ ಅಕ್ಷರಗಳ ಕ್ರಮದಲ್ಲೇ ಜಗತ್ತನ್ನು ಕರೆಯಲು ಅವರು 2021ರವರೆಗೆ ಕಾದರು. ಘೋಷಣೆ ಫ್ರೆಂಚ್, ಇಂಗ್ಲಿಷ್, ಜಪಾನಿ ಮೂರರಲ್ಲೂ ಇತ್ತು, ಯಾರಿಗೂ ತೊಂದರೆ ಆಗಲಿಲ್ಲ. ಅಂದ ಹಾಗೆ, ಜಪಾನಿಯಲ್ಲಿ ‘ಝ’ ಬರುವುದು ‘ಸ’ ಸಾಲಿನಲ್ಲಿ. ಆದ್ದರಿಂದ ಜಾಂಬಿಯಾ ಅಂದು ಮೆರವಣಿಗೆಯ ನಡುವಿನಲ್ಲಿ ನಡೆಯಿತು. ಯಾವ ಊರಿನಲ್ಲಿ ಅದಕ್ಕೆ ಆ ಹೆಸರು ಮೊದಲು ಸಿಕ್ಕಿತ್ತೋ ಅದೇ ಊರಿನಲ್ಲಿ.

ಪಕ್ಕದ ಮನೆಯ ಲೆಕ್ಕ

ಹೈದರಾಬಾದಿನಲ್ಲಿ ನನ್ನ ಮಗಳು ಶಾಲೆಯಲ್ಲಿ ತೆಲುಗು ಕಲಿಯುತ್ತಿದ್ದಾಳೆ. ಕನ್ನಡ ಮನೆಯಲ್ಲೇ ಆಗಬೇಕು. ರಜೆಗೆ ಊರಿಗೆ ಹೋದಾಗ ಅಜ್ಜ ಸ್ಲೇಟು ಹಿಡಿದು ಕೂರಿಸುತ್ತಾರೆ. ಹೊರಗಿರುವ ನಮ್ಮಂಥವರಿಗೆಲ್ಲ ಇರುವ ಭಯ ನನಗೂ ಇತ್ತು, ಎರಡು ಲಿಪಿ ಸೇರಿ ಮಗುವಿನ ತಲೆ ಕಲಸಿಹೋದರೆ ಎಂದು. ಆದದ್ದು ಬೇರೆ. ಅಕ್ಷರದ ಆಕಾರದಲ್ಲಿ ಅಲ್ಲಲ್ಲಿ ತಡವರಿಸಿದಳು, ಕ್ರಮದಲ್ಲಿ ಒಮ್ಮೆಯೂ ಎಡವಲಿಲ್ಲ. ತೆಲುಗಿನಲ್ಲಿ ಕಲಿತ ಕ-ಖ-ಗ-ಘ ಕನ್ನಡಕ್ಕೂ ಹಾಗೇ ನಡೆಯಿತು. ಮುಂಬೈ, ಪುಣೆಯಲ್ಲಿ ಮರಾಠಿ ಕಲಿಯುವ ನಿಮ್ಮ ಮಕ್ಕಳಿಗೂ, ದೆಹಲಿಯಲ್ಲಿ ಹಿಂದಿ ಕಲಿಯುವವರಿಗೂ ಇದೇ ಅನುಕೂಲ ಇದೆ. ತಮಿಳಿನಲ್ಲಿ ಅಕ್ಷರಗಳ ಸಂಖ್ಯೆ ಕಡಿಮೆ, ಕೊನೆಯಲ್ಲಿ ಅವರದೇ ಕೆಲವು ಅಕ್ಷರಗಳಿವೆ. ಆದರೂ ಕ, ಚ, ಟ, ತ, ಪ ಎಂಬ ಬೆನ್ನೆಲುಬು ಅದೇ.

ಕಂಪ್ಯೂಟರಿನ ಒಳಗೂ ಈ ನೆಂಟಸ್ತಿಕೆ ಕಾಣುತ್ತದೆ. ಜಗತ್ತಿನ ಎಲ್ಲ ಲಿಪಿಗಳ ಅಕ್ಷರಗಳಿಗೂ ಯೂನಿಕೋಡ್ ಒಂದೊಂದು ಸಂಖ್ಯೆ ಕೊಟ್ಟಿದೆ. ಅದರಲ್ಲಿ ನಮ್ಮ ಪ್ರಮುಖ ಲಿಪಿಗಳಿಗೆ ತಲಾ 128 ಜಾಗದ ಒಂದೊಂದು ಬಡಾವಣೆ. ಹಿಂದಿಯ ‘ಕ’ 2325, ತೆಲುಗಿನ ‘ಕ’ 3093, ಕನ್ನಡದ ‘ಕ’ 3221. ತೆಲುಗಿನ ಬಡಾವಣೆ ಮುಗಿದ ಕೂಡಲೇ ಕನ್ನಡದ್ದು ಶುರು. ಎರಡೂ ‘ಕ’ಗಳ ನಡುವೆ ಸರಿಯಾಗಿ 128 ಜಾಗ. ಬಂಗಾಳಿ, ಗುಜರಾತಿ, ತಮಿಳು ಯಾವುದನ್ನೇ ತೆಗೆದುಕೊಳ್ಳಿ, ಆಯಾ ಬಡಾವಣೆಯಲ್ಲಿ ಸೊನ್ನೆಯಿಂದ ಎಣಿಸಿದರೆ ‘ಕ’ ಇರುವುದು 21ನೇ ಮನೆಯಲ್ಲೇ. ಭಾರತೀಯ ಲಿಪಿಗಳಿಗೆಂದು ನಮ್ಮ ದೇಶದಲ್ಲೇ ಮೊದಲು ರೂಪಿಸಿದ ‘ಇಸ್ಕಿ’ ಎಂಬ ಸಂಕೇತ ವ್ಯವಸ್ಥೆ ಹಾಗಿತ್ತು, ಯೂನಿಕೋಡ್ ಅದನ್ನೇ ಅನುಸರಿಸಿತು.

ಸಣ್ಣಪುಟ್ಟ ವ್ಯತ್ಯಾಸಗಳು ಇಲ್ಲದಿಲ್ಲ. ನಾವು ಶಾಲೆಯಲ್ಲಿ ‘ಳ’ ಅಕ್ಷರವನ್ನು ‘ಹ’ ಆದ ಮೇಲೆ ಕಲಿತವರು. ಯೂನಿಕೋಡ್‌ನಲ್ಲಿ ಅದು ‘ಲ’ದ ಪಕ್ಕದಲ್ಲೇ ಕೂತಿದೆ. ಸಂಖ್ಯೆಯನ್ನಷ್ಟೇ ನೋಡಿ ಜೋಡಿಸಿದರೆ ಚಿಕ್ಕಮಗಳೂರು ಜಿಲ್ಲೆಯ ಕಳಸ ಮೊದಲು ಬಂದು ರಾಯಚೂರು ಜಿಲ್ಲೆಯ ಕವಿತಾಳ ಹಿಂದೆ ಬೀಳುತ್ತದೆ. ನಮ್ಮ ವರ್ಣಮಾಲೆಯ ಪ್ರಕಾರ ಕವಿತಾಳವೇ ಮೊದಲು. ಹಿಂದಿ ನಿಘಂಟುಗಳಲ್ಲಿ ‘ಅಂ’ ಮೊದಲಿಗೇ ಬರುತ್ತದೆ, ನಮ್ಮ ವರ್ಣಮಾಲೆಯಲ್ಲಿ ‘ಔ’ ಆದ ಮೇಲೆ. ಇವೆಲ್ಲ ಅಣ್ಣತಮ್ಮಂದಿರ ಮನೆಯ ಅಡುಗೆಯಲ್ಲಿ ಉಪ್ಪುಖಾರ ಬೇರೆ ಇರುವಷ್ಟೇ ವ್ಯತ್ಯಾಸ. ಒಲೆ ಒಂದೇ.

ಹೆಸರಿದ್ದವರಿಗೆ ಸಾಲು

ಸಾಲಿನಲ್ಲಿ ಎಲ್ಲಿ ನಿಂತೆವು ಎಂಬ ಮಾತು ಬರುವುದು ಸಾಲಿನಲ್ಲಿ ಹೆಸರು ಇದ್ದ ಮೇಲೆ. ಭಾರತದ ತಂಡ ಒಲಿಂಪಿಕ್ಸ್‌ಗೆ ಹೋದದ್ದು 1920ರ ಆಂಟ್‌ವರ್ಪ್ ಕೂಟಕ್ಕೆ. ಐದು ಉಂಗುರಗಳ ಒಲಿಂಪಿಕ್ ಧ್ವಜ ಹಾರಿದ್ದು, ಆಟಗಾರರ ಪ್ರತಿಜ್ಞೆ ಕೇಳಿಸಿದ್ದು ಆ ಕೂಟದ ಉದ್ಘಾಟನೆಯಲ್ಲೇ ಮೊದಲು. ಆ ತಂಡದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. ಮ್ಯಾರಥಾನ್‌ನಲ್ಲಿ 19ನೆಯವರಾಗಿ ಗುರಿ ಮುಟ್ಟಿದರು. ದೇಶದ ಹೆಸರಿತ್ತು, ಆದರೆ ದೇಶ ಬ್ರಿಟಿಷರ ಕೈಯಲ್ಲಿತ್ತು.

ಸ್ವತಂತ್ರ ಭಾರತ ಮೊದಲ ಸಲ ನಡೆದದ್ದು 1948ರ ಜುಲೈ 29ರಂದು, ಲಂಡನ್ನಿನಲ್ಲಿ. ಧ್ವಜ ಹಿಡಿದದ್ದು ನಾಗಾ ಬೆಟ್ಟಗಳ ನಾಡಿನಿಂದ ಬಂದ ಫುಟ್‌ಬಾಲ್ ನಾಯಕ ತಾಲಿಮೆರೆನ್ ಆವೊ. ಆ ತಂಡದಲ್ಲಿದ್ದ ಮೈಸೂರು ಸಂಸ್ಥಾನದ ಆಟಗಾರ ಸಾರಂಗಪಾಣಿ ರಾಮನ್ ಫ್ರಾನ್ಸ್ ವಿರುದ್ಧ ಗೋಲು ಹೊಡೆದರು. ಪಂದ್ಯ 1–2ರಲ್ಲಿ ಸೋತರೂ ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊದಲ ಗೋಲು ಅದು.

ಈ ಪ್ರಸಂಗ ಓದುವಾಗಲೆಲ್ಲ ನನಗೆ ಒಂದು ವಿಷಯ ಚುಚ್ಚುತ್ತದೆ. ಆ ಜುಲೈ 29ರಂದು ನಮ್ಮ ಯಾದಗಿರಿ ಭಾರತದಲ್ಲಿ ಇರಲಿಲ್ಲ. ಅದು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ ಎಲ್ಲವೂ ಅಷ್ಟೇ. ನಮಗೆ ಬಿಡುಗಡೆ ಸಿಕ್ಕಿದ್ದು ಅದೇ ವರ್ಷ ಸೆಪ್ಟೆಂಬರ್ 17ರಂದು. ವೆಂಬ್ಲಿಯಲ್ಲಿ ತ್ರಿವರ್ಣ ಧ್ವಜ ನಡೆಯುತ್ತಿದ್ದಾಗ ನನ್ನ ಅಜ್ಜನ ಕಾಲದವರಿಗೆ ತಾವು ಯಾವ ಸಾಲಿನವರು ಎಂಬುದೇ ತಿಳಿದಿರಲಿಲ್ಲ. ಇಂದು ನಾನು ಅದೇ ಹೈದರಾಬಾದಿನಲ್ಲಿ ‘ಹೊರನಾಡ ಕನ್ನಡಿಗ’. ನಮ್ಮ ಜನ ಒಂದು ಕಾಲಕ್ಕೆ ತಹಸೀಲು, ಕೋರ್ಟು, ಕಾಲೇಜು ಎಂದು ಬರುತ್ತಿದ್ದ ತಮ್ಮದೇ ರಾಜಧಾನಿ ಇದು. 1956ರ ನವೆಂಬರ್ 1ರ ನಂತರ ಪರರಾಜ್ಯ.

ಹೆಸರು ಕಳೆದುಕೊಳ್ಳಲು ಬ್ರಿಟಿಷರೇ ಬೇಕೆಂದಿಲ್ಲ. 2014ರ ಫೆಬ್ರುವರಿ 7ರಂದು ರಷ್ಯಾದ ಸೋಚಿಯಲ್ಲಿ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆ ಆದಾಗ ಭಾರತೀಯ ಒಲಿಂಪಿಕ್ ಸಂಸ್ಥೆ ಅಮಾನತಿನಲ್ಲಿತ್ತು. ಶಿವ ಕೇಶವನ್ ಸೇರಿದಂತೆ ನಮ್ಮ ಮೂವರು ಆಟಗಾರರು ‘ಸ್ವತಂತ್ರ ಒಲಿಂಪಿಕ್ ಸ್ಪರ್ಧಿಗಳು’ ಎಂಬ ಫಲಕದ ಹಿಂದೆ, ಒಲಿಂಪಿಕ್ ಧ್ವಜದ ಕೆಳಗೆ ನಡೆದರು. ಕೂಟದ ನಡುವೆ ಫೆಬ್ರುವರಿ 11ರಂದು ಅಮಾನತು ತೆರವಾಯಿತು. ಆದರೆ ಉದ್ಘಾಟನೆಯ ನಡಿಗೆ ಒಮ್ಮೆ ಹೋದರೆ ಹೋಯಿತು.

ಯಾವ ದೇಶದ ಹೆಸರೂ ಇಲ್ಲದವರ ಮಾತೇನು? 2016ರ ರಿಯೊ ಕೂಟದಲ್ಲಿ ಹತ್ತು ಜನ ನಿರಾಶ್ರಿತ ಆಟಗಾರರ ತಂಡ ಮೊದಲ ಸಲ ನಡೆಯಿತು, ಆತಿಥೇಯ ಬ್ರೆಜಿಲ್‌ಗಿಂತ ಸ್ವಲ್ಪವೇ ಮುಂಚೆ. ಟೋಕಿಯೊ ಅವರನ್ನು ಗ್ರೀಸ್‌ನ ಬೆನ್ನಿಗೇ ಕರೆಯಿತು, 2024ರಲ್ಲಿ ಪ್ಯಾರಿಸ್ಸಿನ ಸೆನ್ ನದಿಯ ದೋಣಿ ಮೆರವಣಿಗೆಯಲ್ಲೂ ಹಾಗೆಯೇ. ಅಕ್ಷರವೇ ಇಲ್ಲದವರನ್ನು ಎಲ್ಲ ಅಕ್ಷರಗಳಿಗಿಂತ ಮುಂದೆ ನಿಲ್ಲಿಸಿದರು. ಲೆಕ್ಕ ಹಾಕುವವರಿಗೆ ಮನಸ್ಸಿದ್ದರೆ ಇಷ್ಟು ಮಾಡಬಹುದು.

ನಮ್ಮ ಸರದಿ ಬಂದಾಗ

ಈಗ ಮಾತು ನಮ್ಮ ಅಂಗಳಕ್ಕೆ ಬರಲಿ. 1951 ಮತ್ತು 1982ರ ಏಷ್ಯನ್ ಕ್ರೀಡಾಕೂಟ, 2010ರ ಕಾಮನ್‌ವೆಲ್ತ್ ಕೂಟ ಮೂರನ್ನೂ ದೆಹಲಿ ನಡೆಸಿದೆ. 2030ರ ಕಾಮನ್‌ವೆಲ್ತ್ ಕೂಟ ಅಹಮದಾಬಾದಿಗೆ ಒಲಿದಿದೆ. 2036ರ ಒಲಿಂಪಿಕ್ಸ್ ನಡೆಸುವ ಆಸೆಯನ್ನೂ ಭಾರತ ಪತ್ರ ಬರೆದು ತಿಳಿಸಿದೆ. ಕ್ರೀಡಾಂಗಣ, ಮೆಟ್ರೊ, ಹೋಟೆಲ್ ಕೋಣೆಗಳ ಬಗ್ಗೆ ಈಗಾಗಲೇ ಚರ್ಚೆ ನಡೆದಿದೆ. ಅತಿಥಿಗಳನ್ನು ಯಾವ ಕ್ರಮದಲ್ಲಿ ಒಳಗೆ ಕರೆಯುತ್ತೇವೆ ಎಂಬುದನ್ನೂ ಈಗಲೇ ಯೋಚಿಸಬೇಕು.

ಯಾರಾದರೂ ಈ ಪ್ರಶ್ನೆ ಎತ್ತಿದರೆ ಏನಾಗುತ್ತದೆ ಎಂದು ನೀವೂ ಊಹಿಸಬಲ್ಲಿರಿ. ಹಿಂದಿ ಅಂದರೆ ಚೆನ್ನೈ, ಬೆಂಗಳೂರಿನಲ್ಲಿ ಸಿಟ್ಟು. ಗುಜರಾತಿ ಅಂದರೆ ಅದು ಒಂದು ರಾಜ್ಯದ್ದಾಯಿತು. ಜಗಳವೇ ಬೇಡವೆಂದು ಕೊನೆಗೆ ಇಂಗ್ಲಿಷ್. ನಮ್ಮ ಕಚೇರಿಗಳಲ್ಲೂ ಇದೇ ತಾನೆ ನಡೆಯುವುದು? ನಾಲ್ಕು ರಾಜ್ಯದವರು ಕೂತ ಮೇಜಿನಲ್ಲಿ ಯಾರ ಭಾಷೆಯೂ ಬೇಡವೆಂದು ಎಲ್ಲರೂ ಇಂಗ್ಲಿಷಿಗೆ ಜಾರುತ್ತೇವೆ.

ಆದರೆ ಈ ಒಂದು ವಿಷಯದಲ್ಲಿ ಜಗಳಕ್ಕೆ ಕಾರಣವೇ ಇಲ್ಲ. ಗುಜರಾತಿ, ಹಿಂದಿ, ಬಂಗಾಳಿ, ಒಡಿಯಾ, ಪಂಜಾಬಿನ ಗುರುಮುಖಿ, ಕನ್ನಡ, ತೆಲುಗು, ಮಲಯಾಳ, ತಮಿಳು ಎಲ್ಲ ಲಿಪಿಗಳೂ ಹುಟ್ಟಿದ್ದು ಬ್ರಾಹ್ಮಿಯಿಂದ. ಅಲ್ಲಲ್ಲಿ ಹಿಂದುಮುಂದು ಆದರೂ ಮೂಲದ ಲೆಕ್ಕ ಒಂದೇ. ‘ವರ್ಣಮಾಲೆಯ ಕ್ರಮದಲ್ಲಿ’ ಎಂದರೆ ಸಾಕು, ಯಾವ ಭಾಷೆಯ ಹೆಸರನ್ನೂ ಹೇಳಬೇಕಾಗಿಲ್ಲ. ಭಾಷೆಗಳ ವಿಷಯದಲ್ಲಿ ನಾವು ಕಿತ್ತಾಡುವುದು ಹೆಚ್ಚು. ಆ ಭಾಷೆಗಳೆಲ್ಲ ಹಂಚಿಕೊಂಡ ಆಸ್ತಿ ಇದು. ಪಾಲು ಮಾಡಿದರೂ ಕಡಿಮೆ ಆಗದ ಆಸ್ತಿ.

ಕಾಮನ್‌ವೆಲ್ತ್ ಕೂಟದ ಪದ್ಧತಿ ಸ್ವಲ್ಪ ಬೇರೆ ಎಂಬುದೂ ನಿಜ. ಅಲ್ಲಿ ಹಿಂದಿನ ಆತಿಥೇಯರು ಮೊದಲು, ಈ ಸಲದ ಆತಿಥೇಯರು ಕೊನೆಗೆ ಬರುತ್ತಾರೆ. 2022ರ ಬರ್ಮಿಂಗ್‌ಹ್ಯಾಮ್ ಕೂಟದಲ್ಲಿ ಉಳಿದವರನ್ನು ಭೂಖಂಡವಾರು ಕರೆದರು. ಅಂದರೆ ಕ್ರಮವನ್ನು ಆಯ್ದುಕೊಳ್ಳಲು ಅವಕಾಶವಿದೆ ಎಂದೇ ಅರ್ಥ. ಘೋಷಣೆ ಇಂಗ್ಲಿಷ್‌ನಲ್ಲೂ ಇರಲಿ, ಫಲಕದ ಮೇಲೆ ಇಂಗ್ಲಿಷ್ ಹೆಸರೂ ಇರಲಿ. ಕ್ರಮ ಮಾತ್ರ ನಮ್ಮದಾಗಲಿ.

ನಮ್ಮ ಕ್ರಮಕ್ಕೆ ಒಂದು ಅರ್ಥವೂ ಇದೆ. ಇಂಗ್ಲಿಷ್‌ನಲ್ಲಿ ‘ಎ’ ಆದ ಮೇಲೆ ‘ಬಿ’ ಏಕೆ ಎಂದು ಮಗು ಕೇಳಿದರೆ ಉತ್ತರವಿಲ್ಲ. ಕ, ಚ, ಟ, ತ, ಪ ಏಕೆ ಎಂದರೆ ಇದೆ. ಒಂದೊಂದಾಗಿ ಉಚ್ಚರಿಸಿ ನೋಡಿ. ‘ಕ’ ಗಂಟಲ ಹತ್ತಿರ, ‘ಚ’ ಅಂಗಳದಲ್ಲಿ, ‘ಟ’ ನಾಲಗೆ ಮೇಲೆ ಮಡಚಿದಾಗ, ‘ತ’ ಹಲ್ಲಿನಲ್ಲಿ, ‘ಪ’ ತುಟಿಯಲ್ಲಿ. ಒಳಗಿನಿಂದ ಹೊರಗೆ ಬರುವ ದಾರಿ ಅದು. ಉದ್ಘಾಟನಾ ಸಮಾರಂಭಕ್ಕೆ ಕೋಟಿಗಟ್ಟಲೆ ಖರ್ಚು ಮಾಡಿ ‘ನಮ್ಮ ಸಂಸ್ಕೃತಿ’ ತೋರಿಸುತ್ತೇವಲ್ಲ, ಒಂದು ಮಗು ಮೈದಾನದ ನಡುವೆ ನಿಂತು ಈ ಐದು ಅಕ್ಷರ ಹೇಳಿ, ಆ ಕ್ರಮದಲ್ಲೇ ದೇಶಗಳು ಬರಲು ಶುರುವಾದರೆ ಅದಕ್ಕೆ ನಯಾಪೈಸೆ ಖರ್ಚಿಲ್ಲ. ಟಿವಿ ನೋಡುವ ಟೋಕಿಯೊದ ಮಕ್ಕಳೂ ‘ಇದು ನಮ್ಮದೇ’ ಎಂದಾರು.

ಕುತೂಹಲಕ್ಕೆ ನಾನು ಕಾಮನ್‌ವೆಲ್ತ್ ತಂಡಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಜೋಡಿಸಿ ನೋಡಿದೆ. ಇಂಗ್ಲಿಷ್ ಪಟ್ಟಿಯಲ್ಲಿ ತಳದಲ್ಲಿರುವ ಉಗಾಂಡ ಸ್ವರಗಳ ಸಾಲಿಗೆ ಜಿಗಿದು ಇಂಗ್ಲೆಂಡಿನ ಹತ್ತಿರಕ್ಕೇ ಬಂತು. ಮೊದಲಿದ್ದ ಬಾಂಗ್ಲಾದೇಶ, ಬಾರ್ಬಡೋಸ್‌ಗಳು ಪ-ವರ್ಗಕ್ಕೆ ಹಿಂದೆ ಸರಿದವು. ಶ್ರೀಲಂಕಾ, ಸ್ಕಾಟ್‌ಲೆಂಡ್‌ಗಳು ತುದಿಗೆ ಹೋದವು.

ಜಾಂಬಿಯಾ ಎಲ್ಲಿ ಬಂತು ಗೊತ್ತೇ? ಚ-ವರ್ಗದಲ್ಲಿ, ಜಮೈಕಾ, ಜರ್ಸಿ ಆದ ಮೇಲೆ, ಜಿಬ್ರಾಲ್ಟರ್‌ಗಿಂತ ಮೊದಲು. ಗುಜರಾತಿಯವರು ಅದನ್ನು ‘ಝ’ ಹಾಕಿ ಬರೆಯುತ್ತಾರೆ. ಆದರೂ ‘ಜ’ದ ಪಕ್ಕದ ಮನೆ ಅದು, ಚ-ವರ್ಗ ಬಿಟ್ಟು ಹೋಗುವುದಿಲ್ಲ. ಸಾಲಿನ ತುದಿಯಲ್ಲಿ ನಿಂತು ಅಭ್ಯಾಸವಾದ ಈ ದೇಶ ಓಟದಲ್ಲಿ ಹಿಂದೆ ಬಿದ್ದದ್ದಲ್ಲ. 1996ರಲ್ಲಿ ಅಟ್ಲಾಂಟಾದಲ್ಲಿ ಸ್ಯಾಮ್ಯುಯೆಲ್ ಮಟೆಟೆ 400 ಮೀಟರ್ ಹರ್ಡಲ್ಸ್‌ನಲ್ಲಿ ಬೆಳ್ಳಿ ಗೆದ್ದರು. 2024ರಲ್ಲಿ ಪ್ಯಾರಿಸ್‌ನಲ್ಲಿ ಮುಜಾಲಾ ಸಮುಕೊಂಗಾ 400 ಮೀಟರ್ ಓಟದಲ್ಲಿ ಕಂಚು ತಂದರು.

2030ರಲ್ಲಿ ಅಹಮದಾಬಾದಿನ ಮೈದಾನದಲ್ಲಿ ಆ ಓಟಗಾರರ ಮುಂದಿನ ಪೀಳಿಗೆ ಬಂದು ನಿಂತಾಗ, ಯಾರೋ ಒಬ್ಬರು ಅವರ ಹೆಸರನ್ನು ಜಮೈಕಾದ ಬೆನ್ನಿಗೇ ಕೂಗಲಿ. ಹಿಂದೆ ತಿರುಗಿ ನೋಡಿದರೆ ಇನ್ನೂ ಅರ್ಧ ಜಗತ್ತು ತಮ್ಮ ಹಿಂದೆ ಬರುತ್ತಿರುವುದು ಅವರಿಗೆ ಕಾಣಲಿ.